ಮಕ್ಕಳ ಕೈಗೆ ಕಟ್ಟುವ ‘ವೈಬ್ರೇಷನ್’ ಪಟ್ಟಿ: ಕಂಪನವೋ, ಮಿಡಿತವೋ, ಅದುರೋ?

ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆ ಹೆಚ್ಚಿರುವ ತೊಂದರೆ) ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆಂದು ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಮಣಿಕಟ್ಟಿಗೆ ಕಟ್ಟುವ ವೈಬ್ರೇಷನ್ ಪಟ್ಟಿಯ ವಿಷಯಕ್ಕೆ ಬಂದು ನಿಂತಿದ್ದೇನೆ. ಒಳಗಿರುವುದು ಮೊಬೈಲಿನಲ್ಲಿ ಇರುವಂಥದೇ ಪುಟ್ಟ ಮೋಟಾರು. ಅದರ ಅಚ್ಚಿಗೆ ಒಂದೇ ಕಡೆ ಭಾರವಿರುವ ತುಂಡು ಸಿಕ್ಕಿಸಿರುತ್ತಾರೆ. ಅದು ತಿರುಗಿದಾಗ ಪಟ್ಟಿಯೆಲ್ಲ ಗುಂಯ್ ಅನ್ನುತ್ತದೆ. ಇದಕ್ಕೆ ಏನನ್ನೋಣ?

‘ಕಂಪನ’ ಪಠ್ಯಪುಸ್ತಕದ ಪದ, ತಪ್ಪೇನಿಲ್ಲ. ಆದರೆ ಪೇಪರ್ ಓದುವವರ ತಲೆಯಲ್ಲಿ ಅದರ ಮುಂದೆ ‘ಭೂ’ ತಾನಾಗಿ ಬಂದು ಕೂರುತ್ತದೆ. ‘ನಡುಕ’ ಬೇಡವೇ ಬೇಡ, ಅದು ಚಳಿಗೆ, ಭಯಕ್ಕೆ, ಪಾರ್ಕಿನ್ಸನ್ ಕಾಯಿಲೆಗೆ ಸರಿ. ‘ಜುಮ್ಮೆನ್ನುವುದು’ ಕಿವಿಗೆ ಹಿತ. ಆದರೆ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ ಶಾಕ್ ಹೊಡೆದರೂ ‘ಜುಮ್ ಅಂತು’ ಅಂತೀವಿ ಅಲ್ವಾ? ಇಲ್ಲಿ ಆ ಗೊಂದಲ ಆಗಲೇಬಾರದು. ಯಾಕೆಂದರೆ ಕರೆಂಟ್ ಕೊಡುವ ಸಾಧನ ನಿಜವಾಗಿಯೂ ಬೇರೆ ಇದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ಮಾರಲು ಒಪ್ಪಿತು. ಎಡಿಎಚ್‌ಡಿಗೆ ಮಾತ್ರೆ ತೆಗೆದುಕೊಳ್ಳದ 7ರಿಂದ 12 ವರ್ಷದ ಮಕ್ಕಳಿಗೆ, ನಿದ್ದೆಯ ಹೊತ್ತಿನಲ್ಲಿ ಹಣೆಗೆ ಅಂಟಿಸುವಂಥದು.

‘ಮಿಡಿತ’ ನನಗೆ ತುಂಬ ಇಷ್ಟ. ಆದರೆ ‘ಮಿಡಿತದ ಪಟ್ಟಿ’ ಅಂದರೆ ನಾಡಿ ನೋಡುವ ವಾಚ್ ಅಂತಲೇ ತಿಳಿಯುತ್ತಾರೆ. ಉಳಿದದ್ದು ‘ಅದುರು’. ತುಟಿ ಅದುರುತ್ತದೆ, ಬಸ್ಸಿನ ಕಿಟಕಿ ಗಾಜು ಅದುರುತ್ತದೆ. ಕಣ್ಣು ಅದುರಿದರೆ ಶಕುನ, ಅದಿರಲಿ. ‘ಅದುರುವ ಪಟ್ಟಿ’ ಅಂದರೆ ಪಟ್ಟಿ ತಾನು ಅದುರುತ್ತದೆ, ಅಷ್ಟೇ. ‘ಅದುರಿಸುವ ಪಟ್ಟಿ’ ಅಂದುಬಿಟ್ಟರೆ ಮಗುವನ್ನೇ ಹಿಡಿದು ಅಲ್ಲಾಡಿಸಿದ ಹಾಗಾಗುತ್ತದೆ! ಸದ್ಯಕ್ಕೆ ನನ್ನ ಓಟು ‘ಅದುರುವ ಪಟ್ಟಿ’ಗೆ.

ಇನ್ನು ‘ವೈಬ್ರೇಷನ್ ಥೆರಪಿ’ ಅನ್ನುವುದರಲ್ಲಿನ ‘ಥೆರಪಿ’. ಸುಮ್ನೆ ‘ಚಿಕಿತ್ಸೆ’ ಅಂತ ಬರೆದರೆ ಓದಿದವರಿಗೆ ವಾಸಿಯಾಗುತ್ತದೆ ಎಂಬ ಆಸೆ ಹುಟ್ಟುತ್ತದೆ. 2014ರಲ್ಲಿ ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದವರು ಅದುರುವ ಕುರ್ಚಿಯ ಮೇಲೆ ಕೂರಿಸಿ ಪರೀಕ್ಷಿಸಿದಾಗ ಗಮನ ಕೊಂಚ ಸುಧಾರಿಸಿದ್ದು ನಿಜ. ಆದರೆ ಕೂತವರು ದೊಡ್ಡವರು, ಅದೂ ಕೆಲವೇ ನಿಮಿಷ. ಅಷ್ಟರ ಮೇಲೆ ಮಕ್ಕಳ ಪಟ್ಟಿಗೆ ‘ಚಿಕಿತ್ಸೆ’ ಎಂದು ಬರೆಯುವುದು ಜಾಸ್ತಿಯಾಯಿತು. ‘ನೆರವು’ ಎಂದು ಬರೆದಿದ್ದೇನೆ. ಕರಪತ್ರ ಬರೆಸುತ್ತಿರುವವರಿಗೆ ಅದು ಸಪ್ಪೆ ಅನಿಸಿದೆ.

ಧಾರವಾಡ, ಮಂಗಳೂರು, ಚಾಮರಾಜನಗರದ ಕಡೆಯವರು ಹೇಳಿ: ಜೇಬಿನಲ್ಲಿ ಫೋನು ವೈಬ್ರೇಟ್ ಆದರೆ ನಿಮ್ಮ ಮನೆಯ ಹಿರಿಯರು ಏನಂತಾರೆ? ಒಂಟಿ ಪದ ಬೇಡ, ಅವರು ಆಡುವ ವಾಕ್ಯವನ್ನೇ ಹಾಗೇ ಬರೆಯಿರಿ.