ಗಾಜಿನ ಮೇಲೆ ಗಾಜು ಅಂಟಿಸಿದೆ, ನಡುವೆ ಮೋಡ ಕಟ್ಟಿದೆ

ಹಳೇಫ್ರೇಮು:
ಅಟ್ಟ ಖಾಲಿ ಮಾಡುವಾಗ ಫೋಟೋ ಇಲ್ಲದ ಮೂರು ಫ್ರೇಮ್ ಸಿಕ್ಕವು. ಎಸೆಯೋಕೆ ಮನಸ್ಸಾಗಲಿಲ್ಲ. ಒಂದರ ಗಾಜು ಚೆನ್ನಾಗಿತ್ತು, 30×40 ಸೆಂ.ಮೀ. ಹಿಂದಿನ ರಟ್ಟು ಕಿತ್ತು, ನಾನೇ ಬರೆದ ಮಿಂಚುಳ್ಳಿ ಚಿತ್ರವನ್ನು ಗಾಜಿನಡಿ ಇಟ್ಟು, ಮೇಲೆ ಟೈಲ್ ಚೂರು ಅಂಟಿಸಿದೆ. ಬಣ್ಣದ ಗಾಜಿನ ಕಿಟಕಿಯಂತೆ ಕಾಣಲಿ ಅಂತ ಆಸೆ. ರೆಕ್ಕೆಗೆ ನೀಲಿ ಗಾಜಿನ ಟೈಲ್, ಹೊಟ್ಟೆಗೆ ಬಚ್ಚಲುಮನೆ ಕೆಲಸದಲ್ಲಿ ಉಳಿದಿದ್ದ ಕಿತ್ತಳೆ ಸೆರಾಮಿಕ್. ಅಂಟು ಮರಗೆಲಸದ ಬಿಳಿ ಅಂಟು. ಒಣಗಿದರೆ ಕಾಣಿಸೋದೇ ಇಲ್ಲ ಅಂತ ಡಬ್ಬಿ ಮೇಲೆ ಬರೆದಿತ್ತು.

ಮೂರು ವಾರವಾಯ್ತು. ಚೂರುಗಳ ಅಂಚು ತಿಳಿಯಾಗಿದೆ, ನಡುವೆ ಬೆಳ್ಳಗೆ ಮೋಡ. ನಿನ್ನೆ ಕಿಟಕಿಗೆ ಹಿಡಿದರೆ ಹೊಟ್ಟೆ ಪೂರ್ತಿ ಕಪ್ಪು. ಮಿಂಚುಳ್ಳಿ ಕಾಗೆಯಾಯ್ತು ಅಂತ ಮನೆಯಲ್ಲಿ ನಗು ಬೇರೆ. ಸಂದಿಗಳಿಗೆ ಗ್ರೌಟ್ (ನೀರಲ್ಲಿ ಕಲಸೋ ಸಿಮೆಂಟಿನ ಪುಡಿ) ಇನ್ನೂ ತುಂಬಿಲ್ಲ. ಉಳಿಸಬಹುದಾ, ಕೀಳಬೇಕಾ?

ಚೂರುಪಾರು:
ಕೀಳಿ. ನಾನೂ ಎರಡು ಸಲ ಕಿತ್ತವಳೇ.

ಬಿಳಿ ಅಂಟು ಒಣಗೋದು ಅದರೊಳಗಿನ ನೀರು ಹೊರಗೆ ಹೋದರೆ. ಮರವಾದರೆ ಕುಡಿದುಬಿಡುತ್ತೆ, ಎರಡು ಗಾಜಿನ ನಡುವೆ ಸಿಕ್ಕಿದ ನೀರಿಗೆ ಅಂಚೊಂದೇ ದಾರಿ. ಕಾದು ಕಾದು ಒಣಗಿದರೂ ಗ್ರೌಟಿನ ನೀರು ತಾಗಿದಾಗ ಮತ್ತೆ ಬೆಳ್ಳಗಾಗಬಹುದು. ಗಾಜನ್ನು ಫ್ರೇಮಿನಿಂದ ಬಿಡಿಸಿ ರಾತ್ರಿಯಿಡೀ ಉಗುರುಬೆಚ್ಚನೆ ನೀರಲ್ಲಿ ನೆನೆಹಾಕಿ. ನೀರು ತಡೆಯೋ ಜಾತಿಯ ಅಂಟಲ್ಲದಿದ್ದರೆ ಮೆತ್ತಗಾಗುತ್ತೆ.

ಆಮೇಲೆ ಬಣ್ಣವಿಲ್ಲದ ಸಿಲಿಕೋನ್ ಬಳಸಿ. ಚೂರಿನ ನಡುವೆ ಒಂದು ಹನಿ ಇಟ್ಟು, ಅಂಚಿನವರೆಗೆ ಹರಡೋ ಹಾಗೆ ಒತ್ತಿ. ಗಾಳಿ ಉಳಿದರೆ ಗುಳ್ಳೆ ಕಾಣುತ್ತೆ, ಜಾಸ್ತಿಯಾದರೆ ಸಂದಿಗೆ ಉಕ್ಕಿ ಗ್ರೌಟಿಗೆ ಜಾಗವಿರಲ್ಲ. ಉಕ್ಕಿದ್ದನ್ನು ಹಸಿಯಿದ್ದಾಗಲೇ ಕಡ್ಡಿಯಿಂದ ಗೀರಿ ತೆಗೀರಿ.

ಸೆರಾಮಿಕ್ ಸುಟ್ಟ ಮಣ್ಣು, ಬೆಳಕು ದಾಟಲ್ಲ. ಗಾಜಿನ ಟೈಲ್ ಅಂತ ಮಾರೋದರಲ್ಲೂ ಎಷ್ಟೋ ಕುರುಡು. ಕತ್ತರಿಸೋ ಮುಂಚೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ.

ಕಪ್ಪುಗೆರೆ:
ಅಂಟಿನ ಮಾತು ಆಯ್ತು, ನನಗೆ ಭಯ ಫ್ರೇಮಿನದು. ಗಾಜು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 2.5 ಕೆ.ಜಿ. ತೂಗುತ್ತೆ. ನಿಮ್ಮದು 2 ಮಿ.ಮೀ. ಗಾಜು, ಮೇಲೆ 4 ಮಿ.ಮೀ. ಟೈಲ್ ಅಂದುಕೊಂಡರೆ ಹತ್ತಿರ ಹತ್ತಿರ 1.8 ಕೆ.ಜಿ., ಗ್ರೌಟ್ ಬೇರೆ. ಒಂದು ಫೋಟೋ ಹೊತ್ತಿದ್ದ ಮೂಲೆಗಳು ಬಾಯಿಬಿಡುತ್ತವೆ. ಹಿಂದೆ ನಾಲ್ಕು ಮೂಲೆಗೂ ಎಲ್ ಆಕಾರದ ಲೋಹದ ಪಟ್ಟಿ ಹಾಕಿ, ಗಾಜು ಕೂರೋ ತೋಡಿನ ಸುತ್ತ ಸಿಲಿಕೋನ್ ಎಳೀರಿ. ತೂಗುಹಾಕೋ ಕೊಕ್ಕೆ ಫ್ರೇಮಿನ ಮೇಲಿನ ಪಟ್ಟಿಗೆ ಬೇಡ, ಅಕ್ಕಪಕ್ಕದ ಪಟ್ಟಿಗಳಿಗೆ.

ಗ್ರೌಟ್ ಕಪ್ಪೇ ಇರಲಿ. ನಿಜವಾದ ಬಣ್ಣದ ಗಾಜಿನ ಕಿಟಕಿಯಲ್ಲಿ ಚೂರುಗಳನ್ನು ಹಿಡಿಯೋದು ಸೀಸದ ಪಟ್ಟಿ; ಆ ಗೆರೆಯ ಭ್ರಮೆ ಹುಟ್ಟೋದು ಕಪ್ಪಿನಿಂದಲೇ. ಸಂದಿ 2–3 ಮಿ.ಮೀ. ಸಾಕು. ಮರಳಿಲ್ಲದ ಗ್ರೌಟ್ ತಗೊಳ್ಳಿ, ಮರಳು ಗಾಜನ್ನು ಗೀರುತ್ತೆ. ಪುಡಿ ಕಲಸುವಾಗ ಮಾಸ್ಕ್, ಕೈಗೆ ಗ್ಲೌಸ್. ಸಿಮೆಂಟು ಚರ್ಮ ಸುಡುತ್ತೆ.

ಹಳೇಫ್ರೇಮು:
ನೆನೆಹಾಕಿದ್ದೆ. ಬೆಳಿಗ್ಗೆ ರೆಕ್ಕೆ ಬೆರಳಿಗೇ ಜಾರಿ ಬಂತು, ಹೊಟ್ಟೆಯನ್ನು ಚಾಕು ಹಾಕಿ ಎಬ್ಬಿಸಬೇಕಾಯ್ತು. ಒಂದು ಗರಿ ಮುರಿಯಿತು. ಟಾರ್ಚ್ ಹಿಡಿದು ನೋಡಿದರೆ ನೀಲಿಯಲ್ಲೂ ಐದು ಚೂರು ಕುರುಡು! ಅವನ್ನೂ ಕಿತ್ತಳೆ ಸೆರಾಮಿಕ್ಕನ್ನೂ ಕೊಕ್ಕಿಗೆ, ಕೂತ ಕೊಂಬೆಗೆ ಹಾಕ್ತೀನಿ. ಅವು ಹೇಗಿದ್ದರೂ ಕಪ್ಪಗೇ ಕಾಣಬೇಕು ತಾನೇ.