ಮಳೆ ನಿಂತು ಮೂರು ತಿಂಗಳಾಯಿತು, ಆದರೂ ಹಳ್ಳ ಹರಿಯುತ್ತಿದೆ. ಈ ನೀರು ಎಲ್ಲಿಂದ ಬರುತ್ತಿದೆ?

ಒದ್ದೆಕಾಲು:
ನಾನು ವಾರಕ್ಕೆರಡು ಸಲ ಒಂದು ಹಳ್ಳದ ದಂಡೆಯಲ್ಲಿ ನಡೆಯಲು ಹೋಗುತ್ತೇನೆ. ಮಳೆ ನಿಂತು ಮೂರು ತಿಂಗಳು ದಾಟಿದೆ. ಮೇಲ್ಗಡೆ ಕೆರೆ ಇಲ್ಲ, ಅಣೆಕಟ್ಟು ಇಲ್ಲ, ಕರಗಲು ಹಿಮವೂ ಇಲ್ಲ. ಆದರೂ ಮೀನಖಂಡ ಮುಳುಗುವಷ್ಟು ನೀರು ಹರಿಯುತ್ತಲೇ ಇದೆ.

ಮೊನ್ನೆ ಚಪ್ಪಲಿ ಬಿಚ್ಚಿಟ್ಟು ಇಳಿದೆ. ಒಂದು ಕಡೆ ನೀರು ಉಗುರುಬೆಚ್ಚಗಿತ್ತು. ಎರಡು ಹೆಜ್ಜೆ ಆಚೆ ಕಾಲಿಟ್ಟರೆ ಜುಮ್ಮೆನ್ನುವಷ್ಟು ತಣ್ಣಗೆ! ಬಗ್ಗಿ ನೋಡಿದೆ. ಅಲ್ಲಿ ತಳದ ಮರಳಿನ ಕಾಳುಗಳು ಒಂದು ಅಂಗೈ ಅಗಲದ ಜಾಗದಲ್ಲಿ ಸಣ್ಣಗೆ ಕುಣಿಯುತ್ತಿದ್ದವು. ಸಣ್ಣ ಮೀನುಗಳೆಲ್ಲ ಅಲ್ಲೇ ಗುಂಪುಗೂಡಿದ್ದವು. ಇನ್ನೊಂದು ವಿಷಯ, ದಡದ ಬಳಿ ಕಿತ್ತಳೆ ಬಣ್ಣದ ಲೋಳೆ ಇದೆ, ಅದರ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ. ಯಾರೋ ಡೀಸೆಲ್ ಸುರಿದಿದ್ದಾರಾ?

ಕೊನೆಯದು. ಹಳ್ಳದಿಂದ ದೂರದಲ್ಲಿ ಹೊಸದಾಗಿ ಬೋರ್‌ವೆಲ್ ಕೊರೆಸುತ್ತಿದ್ದಾರೆ. ಹಳ್ಳಕ್ಕೂ ಬೋರ್‌ವೆಲ್‌ಗೂ ಸಂಬಂಧವೇ ಇಲ್ಲ ಅನ್ನುತ್ತಾರೆ. ನಿಜವಾ?

ಬಾವಿಕಟ್ಟೆ:
ಕುಣಿಯುವ ಮರಳು ನೋಡಿದಿರಲ್ಲ, ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಅದು ಒರತೆ. ನೆಲದಡಿಯ ನೀರು ತಳದಿಂದ ಮೇಲಕ್ಕೆ ಬರುತ್ತಿದೆ.

ಮಳೆಗಾಲದಲ್ಲಿ ಇಂಗಿದ ನೀರು ಮಣ್ಣಿನ ಸಂದು, ಕಲ್ಲಿನ ಬಿರುಕು ಎಲ್ಲವನ್ನೂ ತುಂಬಿಕೊಂಡು ನಿಲ್ಲುತ್ತದೆ. ನಿಲ್ಲುತ್ತದೆ ಅಂದೆ, ಅದು ತಪ್ಪು. ಇಳಿಜಾರಿನ ಕಡೆ ನಿಧಾನಕ್ಕೆ ಜಾರುತ್ತಿರುತ್ತದೆ. ಮರಳಿನಲ್ಲಾದರೆ ದಿನಕ್ಕೆ ಒಂದು ಮೀಟರ್ ಆಸುಪಾಸು ಹೋದರೂ ಜಾಸ್ತಿಯೇ. ಜೇಡಿಮಣ್ಣಿನಲ್ಲಿ ವರ್ಷವಿಡೀ ಹೋದರೂ ಕೆಲವು ಸೆಂಟಿಮೀಟರ್ ಅಷ್ಟೇ. ತಗ್ಗಿನಲ್ಲಿ ನೆಲವೇ ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದಾಗ ನೀರು ಬಯಲಿಗೆ ಬರುತ್ತದೆ. ಒಂದೇ ಕಡೆ ಉಕ್ಕಿದರೆ ಒರತೆ ಅನ್ನುತ್ತೇವೆ, ಉದ್ದಕ್ಕೂ ಜಿನುಗಿದರೆ ಹಳ್ಳ, ಅಗಲಕ್ಕೆ ಹರಡಿಕೊಂಡು ಕೂತರೆ ಜೌಗು. ಇಷ್ಟು ನಿಧಾನವಾಗಿ ಬರುವುದರಿಂದಲೇ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹರಿವು ಉಳಿಯುತ್ತದೆ. ಇವತ್ತು ನಿಮ್ಮ ಕಾಲಿಗೆ ತಾಗಿದ್ದು ಹೋದ ವರ್ಷದ ಮಳೆ ಇರಬಹುದು, ನೀವು ಹುಟ್ಟುವ ಮೊದಲಿನದ್ದೂ ಇರಬಹುದು.

ತಣ್ಣಗಿರುವುದಕ್ಕೂ ಅದೇ ಕಾರಣ. ಹತ್ತಿಪ್ಪತ್ತು ಮೀಟರ್ ಆಳಕ್ಕೆ ಹೋದರೆ ಬೇಸಿಗೆ, ಚಳಿ ಎರಡೂ ತಲುಪುವುದಿಲ್ಲ. ಆ ಊರಿನ ವರ್ಷದ ಸರಾಸರಿ ಬಿಸಿ ಎಷ್ಟೋ ನೀರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮೀನುಗಳಿಗೆ ಇದು ಚೆನ್ನಾಗಿ ಗೊತ್ತು. ತಣ್ಣೀರೇ ಬೇಕಾದ ಟ್ರೌಟ್ ಮೀನು ಸೆಖೆಯಲ್ಲಿ ಇಂಥ ಕಡೆ ಬಂದು ಸೇರುತ್ತದೆ. ಬ್ರೂಕ್ ಟ್ರೌಟ್ ಮೊಟ್ಟೆ ಇಡಲೂ ಒರತೆ ಇರುವ ಜಾಗವನ್ನೇ ಹುಡುಕುತ್ತದೆ, ಯಾಕೆಂದರೆ ಹಿಮ ಬೀಳುವ ಕಾಲದಲ್ಲೂ ಅಲ್ಲಿ ಮೊಟ್ಟೆ ಹೆಪ್ಪುಗಟ್ಟುವುದಿಲ್ಲ.

ಡೀಸೆಲ್ ವಿಷಯ: ಕಡ್ಡಿ ತಗೊಂಡು ಆ ಪೊರೆಯನ್ನು ಕಲಕಿ ನೋಡಿ. ಗಾಜಿನ ಹಾಗೆ ಚೂರುಚೂರಾಗಿ ಹಾಗೇ ಉಳಿದರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಭಯ ಬೇಡ. ಕಲಕಿದ ಮೇಲೂ ಮತ್ತೆ ಕೂಡಿಕೊಂಡರೆ ಎಣ್ಣೆ. ನೆಲದಡಿ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಲ್ಲಿ ಕರಗಿರುತ್ತದೆ, ಹೊರಗೆ ಬಂದು ಗಾಳಿ ತಾಗಿದ ಕೂಡಲೇ ತುಕ್ಕಾಗುತ್ತದೆ. ನಿಮ್ಮ ಕಿತ್ತಳೆ ಲೋಳೆ ಅದೇ ಇರಬೇಕು.

ಮೂಲೆಮನೆ:
ಎಲ್ಲಾ ಹಳ್ಳವೂ ಹೀಗೆ ಅಂತ ಹೇಳಬೇಡಿ ಸರ್. ಎಷ್ಟೋ ಕಡೆ ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗಿರುತ್ತದೆ. ಅಲ್ಲಿ ಹಳ್ಳವೇ ನೆಲಕ್ಕೆ ನೀರು ಕೊಡುತ್ತದೆ. ಒಂದೇ ಹೊಳೆ ಮೇಲ್ಭಾಗದಲ್ಲಿ ನೀರು ಪಡೆದು ಕೆಳಭಾಗದಲ್ಲಿ ಕಳೆದುಕೊಳ್ಳಬಹುದು, ಮಳೆಗಾಲಕ್ಕೊಂದು ಬೇಸಿಗೆಗೊಂದು ರೀತಿಯೂ ಇರಬಹುದು.

ಬೋರ್‌ವೆಲ್ ಬಗ್ಗೆ ಸುಮ್ನೆ ಹೆದರಿಸುವುದೂ ಬೇಡ. ಮಳೆಯಿಂದ ವರ್ಷಕ್ಕೆ ಇಂಗುವುದಕ್ಕಿಂತ ಕಡಿಮೆ ಎತ್ತಿದರೆ ಏನು ತೊಂದರೆ? ಹಾಕಿದ್ದಕ್ಕಿಂತ ಕಡಿಮೆ ತೆಗೆದರೆ ಲೆಕ್ಕ ಸರಿಯಾಯಿತಲ್ವಾ.

ಜೊಂಡುಹುಲ್ಲು:
ಮೂಲೆಮನೆ ಅವರ ಮೊದಲ ಮಾತು ಸರಿ. ಎರಡನೆಯದು ಸರಿಯಿಲ್ಲ, ಅದೂ ಎಲ್ಲರೂ ಮಾಡುವ ತಪ್ಪು. ಇಂಗುವ ನೀರು ಕೆಳಗೆ ಸುಮ್ಮನೆ ಬಿದ್ದಿರುವುದಿಲ್ಲ, ಅದಕ್ಕೆ ಮೊದಲೇ ವಾರಸುದಾರರಿದ್ದಾರೆ. ಬೋರ್‌ವೆಲ್ ಬರುವ ಮೊದಲು ಆ ನೀರೆಲ್ಲ ಎಲ್ಲಿಗೆ ಹೋಗುತ್ತಿತ್ತು ಹೇಳಿ? ಒರತೆಗೆ, ಹಳ್ಳಕ್ಕೆ, ಜೌಗಿಗೆ, ದಡದ ಮರದ ಬೇರಿಗೆ. ಥೀಸ್ ಎಂಬ ಅಮೆರಿಕದ ಜಲವಿಜ್ಞಾನಿ 1940ರಲ್ಲೇ ಇದನ್ನು ಬರೆದಿಟ್ಟರು. ಪಂಪಿನಿಂದ ಎತ್ತಿದ ನೀರು ಮೊದಮೊದಲು ನೆಲದ ಸಂಗ್ರಹದಿಂದ ಬರುತ್ತದೆ, ಆಮೇಲೆ ಒಂದೋ ಇಂಗುವಿಕೆ ಜಾಸ್ತಿಯಾಗಬೇಕು, ಇಲ್ಲಾ ಹೊರಗೆ ಹರಿಯುತ್ತಿದ್ದದ್ದು ಕಡಿಮೆಯಾಗಬೇಕು. ಇಂಗುವಷ್ಟನ್ನೂ ಎತ್ತಿಬಿಟ್ಟರೆ ಬಾವಿಯಲ್ಲಿ ನೀರು ಇದ್ದೇ ಇರುತ್ತದೆ, ಹಳ್ಳ ಮಾತ್ರ ಒಣಗಿರುತ್ತದೆ.

ಒದ್ದೆಕಾಲು ಅವರೇ, ದೂರ ಇದ್ದರೆ ತಡವಾಗುತ್ತದೆ ಅಷ್ಟೇ. ಬೋರ್‌ವೆಲ್ಲನ್ನು ಎರಡು ಪಟ್ಟು ದೂರ ಇಟ್ಟರೆ ಅದರ ಪೆಟ್ಟು ಹಳ್ಳಕ್ಕೆ ಮುಟ್ಟಲು ಸುಮಾರು ನಾಲ್ಕು ಪಟ್ಟು ಸಮಯ ಬೇಕು. ವರ್ಷಗಟ್ಟಲೆ ಏನೂ ಕಾಣದೆ ಹೋಗಬಹುದು. ಅದನ್ನೇ "ಸಂಬಂಧವೇ ಇಲ್ಲ" ಅನ್ನುವುದು. ಪಂಪ್ ನಿಲ್ಲಿಸಿದ ಮೇಲೂ ಹಳ್ಳ ಅಷ್ಟೇ ತಡವಾಗಿ ಚೇತರಿಸಿಕೊಳ್ಳುತ್ತದೆ. ಕೆಳಗೆ ನೀರು ಬಿಡದ ಗಟ್ಟಿ ಪದರ ಇದ್ದು, ಬೋರ್‌ವೆಲ್ ಅದರ ಅಡಿಯ ನೀರು ಎತ್ತುತ್ತಿದ್ದರೆ ಪರಿಣಾಮ ಇನ್ನೂ ನಿಧಾನ. ಹಾಗಾಗಿ ನೆಲ ನೋಡದೆ ಎಷ್ಟು ಅಂತ ಹೇಳಲಾಗದು.

ನಿಜವಾಗಿ ನಡೆದದ್ದು ಹೇಳುತ್ತೇನೆ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಡೆವಿಲ್ಸ್ ಹೋಲ್ ಎಂಬ ನೀರು ತುಂಬಿದ ಗುಹೆ ಇದೆ. ಅದರಲ್ಲಿ ಇಂಚಿನುದ್ದದ ಒಂದು ಪಪ್‌ಫಿಶ್ ಜಾತಿ ಇದೆ, ಸಹಜವಾಗಿ ಲೋಕದಲ್ಲಿ ಬೇರೆಲ್ಲೂ ಇಲ್ಲ. ಗುಹೆ ಬಹಳ ಆಳ, ಆದರೆ ಮೀನು ಮೇಯುವುದು, ಮೊಟ್ಟೆ ಇಡುವುದು ನೀರಿನ ಮೇಲ್ಮೈಗಿಂತ ಸ್ವಲ್ಪವೇ ಕೆಳಗಿರುವ ಒಂದೇ ಒಂದು ಕಲ್ಲುಚಪ್ಪಡಿಯ ಮೇಲೆ. 1968ರಲ್ಲಿ ಸುಮಾರು 4 ಕಿಲೋಮೀಟರ್ ಆಚೆ ಹೊಲಕ್ಕೆಂದು ಪಂಪ್ ಶುರುವಾಯಿತು. ಗುಹೆಯ ನೀರು ಇಳಿಯಿತು, ಚಪ್ಪಡಿ ನೀರಿನಿಂದ ಹೊರಗೆ ಕಾಣತೊಡಗಿತು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1976ರಲ್ಲಿ ಪಂಪಿಗೆ ಮಿತಿ ಹಾಕಿದ ಆದೇಶವನ್ನು ಕೋರ್ಟ್ ಎತ್ತಿಹಿಡಿಯಿತು. ಇಂಚುದ್ದದ ಮೀನಿಗಾಗಿ!

ಜೌಗಿನ ಕಥೆ ಇನ್ನೂ ವಿಚಿತ್ರ. ಸ್ಪೇನಿನ ತಾಬ್ಲಾಸ್ ದೆ ದೈಮಿಯೆಲ್ ರಾಷ್ಟ್ರೀಯ ಉದ್ಯಾನದ ಜೌಗು ಅಂತರ್ಜಲ ನಂಬಿಕೊಂಡಿತ್ತು. ಸುತ್ತಲ ಹೊಲಗಳಿಗೆ ನೀರೆತ್ತಿ ಎತ್ತಿ 1980ರ ದಶಕದಲ್ಲಿ ಅಲ್ಲಿನ ಗ್ವಾದಿಯಾನಾ ನದಿಯ ಚಿಲುಮೆಗಳು ಬತ್ತಿದವು. ಜೌಗಿನ ತಳದಲ್ಲಿ ಪೀಟ್ ಇತ್ತು, ಅಂದರೆ ಕೊಳೆಯದೆ ಒತ್ತೊತ್ತಾಗಿ ಕೂತ ಹಳೇ ಗಿಡಗಂಟಿ. ಅದು ಒಣಗಿ ಬಿರುಕುಬಿಟ್ಟು 2009ರಲ್ಲಿ ನೆಲದೊಳಗೇ ಹೊತ್ತಿಕೊಂಡಿತು. ಬಾತುಕೋಳಿ ಈಜಬೇಕಾದ ಜಾಗದಲ್ಲಿ ನೆಲದಿಂದ ಹೊಗೆ. ಆ ಚಳಿಗಾಲದ ಜೋರು ಮಳೆಯೇ ಅದನ್ನು ಉಳಿಸಿತು.

ಮೂಲೆಮನೆ:
ವಾರಸುದಾರರು ಅನ್ನುವ ಮಾತು ಹೊಳೆದಿರಲಿಲ್ಲ, ಒಪ್ಪಿದೆ. ಆದರೂ ಕುಡಿಯುವ ನೀರು ಬೇಡವಾ? ಮೀನಿಗೆ ಬಿಟ್ಟು ಜನ ಬಾಯಾರಿ ಕೂರಬೇಕಾ?

ಬಾವಿಕಟ್ಟೆ:
ಎತ್ತಲೇಬೇಡಿ ಅಂತ ಯಾರೂ ಹೇಳಿಲ್ಲವಲ್ಲ ಗುರು. ಎತ್ತಿದ್ದು ಯಾರ ಪಾಲಿನಿಂದ ಬಂತು ಅಂತ ಮೊದಲೇ ಲೆಕ್ಕ ಹಾಕಿ ಅಂತ. ಬತ್ತಿದ ಮೇಲೆ ನೀರು ಮರಳಿ ಬಂದರೂ ಜೀವ ಬರುವುದಿಲ್ಲ. ಟೆಕ್ಸಾಸಿನ ಕೋಮಲ್ ಒರತೆ 1956ರ ಬರದಲ್ಲಿ ಕೆಲವು ತಿಂಗಳು ನಿಂತೇ ಹೋಯಿತು. ನೀರೇನೋ ತಾನಾಗಿ ಮರಳಿತು, ಫೌಂಟನ್ ಡಾರ್ಟರ್ ಎಂಬ ಪುಟ್ಟ ಮೀನು ಮಾತ್ರ ಅಲ್ಲಿ ಉಳಿಯಲಿಲ್ಲ. 1975ರಲ್ಲಿ ಹತ್ತಿರದ ಸ್ಯಾನ್ ಮಾರ್ಕೋಸ್ ನದಿಯಿಂದ ತಂದು ಬಿಟ್ಟರು. ಪಕ್ಕದ ನದಿಯಲ್ಲಿ ಉಳಿದಿತ್ತು ಅಂತ ಬಚಾವ್.

ಅದೇ ನೆಲದಡಿ ಕಣ್ಣಿಲ್ಲದ ಬಿಳಿ ಸಾಲಮಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಕೂಡ ಇದೆ. ಬಾವಿ ಕೊರೆದಾಗ ನೀರಿನ ಜತೆ ಹೊರಗೆ ಬಿದ್ದಿದ್ದರಿಂದಲೇ ಅದು ಇದೆ ಅಂತ ಗೊತ್ತಾಗಿದ್ದು.

ಒದ್ದೆಕಾಲು:
ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿಯಲ್ಲಿ ಕಲಕಿದೆ, ಪೊರೆ ಗಾಜಿನಂತೆಯೇ ಒಡೆಯಿತು. ಡೀಸೆಲ್ ಅಲ್ಲ!

ಬೋರ್‌ವೆಲ್ ವಿಷಯ ಓದಿ ತಳಮಳವಾಯಿತು. ಹಳ್ಳದಲ್ಲಿ ಒಂದು ಕೋಲು ನೆಟ್ಟು ಗುರುತು ಹಾಕಿದ್ದೇನೆ. ಬೆಳಿಗ್ಗೆ ಇದ್ದ ನೀರು ಸಂಜೆ ನಾಲ್ಕರ ಹೊತ್ತಿಗೆ ಅರ್ಧ ಬೆರಳು ಇಳಿದಿತ್ತು, ಮಾರನೇ ಬೆಳಿಗ್ಗೆ ಮತ್ತೆ ಗುರುತಿಗೆ ಬಂದಿತ್ತು. ಮೂರು ದಿನವೂ ಹೀಗೇ. ಆಗಲೇ ಪಂಪ್ ಶುರುವಾಯಿತಾ?

ಜೊಂಡುಹುಲ್ಲು:
ದಂಡೆಯಲ್ಲಿ ದೊಡ್ಡ ಮರಗಳಿವೆಯಾ? ಇದ್ದರೆ ಬಹುಶಃ ಅವೇ. ಬಿಸಿಲಿದ್ದಷ್ಟು ಹೊತ್ತು ಬೇರು ನೀರು ಎಳೆಯುತ್ತದೆ, ರಾತ್ರಿ ನಿಲ್ಲಿಸುತ್ತದೆ, ಅಷ್ಟರಲ್ಲಿ ಒರತೆ ತುಂಬಿಕೊಡುತ್ತದೆ. ಮೋಡ ಕವಿದ ದಿನ ನೋಡಿ, ಇಳಿತ ಕಡಿಮೆ ಇರಬೇಕು. ಪಂಪ್ ಆದರೆ ಮೋಡಕ್ಕೆ ಕಾಯುವುದಿಲ್ಲ. ಕೋಲು ಕೀಳಬೇಡಿ. ಬೆಳಗಿನ ಗುರುತನ್ನೇ ಪ್ರತಿ ವಾರ ಬರೆದಿಡಿ, ಎರಡು ಮೂರು ಬೇಸಿಗೆ ಕಳೆಯಲಿ, ಮುಂದಿನ ಮಾತು ಆಮೇಲೆ.

ಒದ್ದೆಕಾಲು:
ಮರಗಳಿವೆ, ಸಾಲಾಗಿ. ಇವತ್ತು ಮೋಡ ಇದೆ, ಸಂಜೆ ಹೋಗಿ ನೋಡಿ ಬರೆಯುತ್ತೇನೆ.