ಲೇಖಕರ ‘ಬ್ರ್ಯಾಂಡ್’ಗೆ ಏನನ್ನೋಣ? ಛಾಪು, ಮುದ್ರೆ, ಬರೆ, ಅಂಕಿತ

ಗೆಳೆಯರೊಬ್ಬರ ಮೂರನೇ ಕಥಾಸಂಕಲನ ಇಲ್ಲೇ ದಾವಣಗೆರೆಯಲ್ಲಿ ಅಚ್ಚಾಗುತ್ತಿದೆ. ಕರಡು ತಿದ್ದುವುದು ನನ್ನ ಕೆಲಸ. ಮೊನ್ನೆ ಮುಖಪುಟ ಮಾಡುವ ಹುಡುಗ ಮೂರೂ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಮೂರರಲ್ಲೂ ಹೆಸರು ಎಡಗಡೆ ಕೆಳಗೆ, ಒಂದೇ ಬಗೆಯ ದುಂಡಕ್ಷರ. ಬೆನ್ನಿನ ಮೇಲೆ ಬೆರಳಗಲದ ಇಟ್ಟಿಗೆ ಬಣ್ಣದ ಪಟ್ಟಿ. “ಇದೇ ಇವರ ಬ್ರ್ಯಾಂಡ್ ಸರ್, ಕಪಾಟಿನಲ್ಲಿ ಬರೀ ಬೆನ್ನು ಕಂಡ್ರೂ ಗೊತ್ತಾಗಬೇಕು” ಅಂದ. ಮಾತು ಸರಿ. ಪುಸ್ತಕದ ಕೊನೆಗೆ ಅವನ ಕೆಲಸದ ಬಗ್ಗೆ ನಾಲ್ಕು ಸಾಲು ಹಾಕೋಣ ಅಂತ ಕೂತೆ. ಬ್ರ್ಯಾಂಡ್‌ಗೆ ಕನ್ನಡ ಸಿಗದೆ ಅಲ್ಲೇ ನಿಂತೆ.

‘ಗುರುತು’ ತೀರಾ ತೆಳು. ಗಾಯದ್ದೂ ಗುರುತೇ, ಚುನಾವಣೆಯದೂ ಗುರುತೇ. ‘ಛಾಪು ಮೂಡಿಸಿದರು’ ಅಂದರೆ ಬರವಣಿಗೆಯ ಬಗ್ಗೆ ಹೇಳಿದ ಹಾಗಾಗುತ್ತದೆ, ಮುಖಪುಟದ ಬಗ್ಗೆ ಅಲ್ಲ. ‘ಮುದ್ರೆ’ ಪ್ರಕಾಶಕರಿಗೆ ಒಪ್ಪುತ್ತದೆ. 1935ರಲ್ಲಿ ಪೆಂಗ್ವಿನ್‌ನವರು ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು ಅಂತ ಬಣ್ಣ ಹಂಚಿದರಲ್ಲ, ಅದು ಮುದ್ರೆ. ಬರೆದವರು ಯಾರೇ ಇರಲಿ, ಬಣ್ಣ ಪ್ರಕಾಶನದ್ದು.

ಬ್ರ್ಯಾಂಡ್ ಹುಟ್ಟಿದ್ದು ಸುಡುವುದರಿಂದ. ಕಾದ ಕಬ್ಬಿಣದಿಂದ ದನಕ್ಕೆ ಹಾಕುವ ಗುರುತು ಅದು. ನಮ್ಮಲ್ಲಿ ಅದಕ್ಕೆ ‘ಬರೆ’. ಲೇಖಕರು ಮಾಡುವುದೂ ಬರೆಯುವುದೇ! ಈ ಜೋಡಿ ನನಗೆ ತುಂಬ ಹಿಡಿಸಿತು. ಆದರೆ ಹುಲಿ ನೋಡಿ ನರಿ ಬರೆ ಹಾಕಿಕೊಂಡ ಗಾದೆ ಅಡ್ಡ ಬರುತ್ತದೆ. ಗೆದ್ದ ಪುಸ್ತಕದ ಮುಖಪುಟ ನೋಡಿ ತಮಗೂ ಹಾಗೇ ಮಾಡಿಸಿಕೊಳ್ಳುವುದಕ್ಕೆ ಆ ಪದ ಇರಲಿ.

ನನ್ನ ಮನಸ್ಸು ವಾಲಿರುವುದು ‘ಅಂಕಿತ’ದ ಕಡೆ. ‘ಕೂಡಲಸಂಗಮದೇವ’ ಅಂದ ಕೂಡಲೇ ಬಸವಣ್ಣ, ‘ಗುಹೇಶ್ವರ’ ಅಂದರೆ ಅಲ್ಲಮ. ವಚನ ಬದಲಾದರೂ ಅಂಕಿತ ಬದಲಾಗುವುದಿಲ್ಲ. ಸಾಮಾನ್ಯವಾಗಿ ಅದರ ಜಾಗವೂ ಕೊನೆಯಲ್ಲೇ. ಆ ಇಟ್ಟಿಗೆ ಬಣ್ಣದ ಪಟ್ಟಿ ಮಾಡುವುದೂ ಇದನ್ನೇ ಅಲ್ವಾ?

ಚಿತ್ರದುರ್ಗದಲ್ಲಿ ವಚನ ಕೇಳುತ್ತಲೇ ಬೆಳೆದ ನಮ್ಮಮ್ಮ ಮಾತ್ರ ಒಪ್ಪಲಿಲ್ಲ. “ಅಂಕಿತ ಅಂದ್ರೆ ಒಪ್ಪಿಸೋದು, ಮಾರೋದಲ್ಲ. ಅಲ್ಲಿರೋದು ದೇವರ ಹೆಸರು, ಬರೆದವರದ್ದಲ್ಲ” ಅಂದರು. ಅಂದಿನಿಂದ ನನಗೂ ಅಳುಕು. ಆದರೂ ಕಾನೂನಿಗೆ ರಾಷ್ಟ್ರಪತಿಗಳು ಹಾಕುವ ಸಹಿಗೂ ನಾವು ಅಂಕಿತ ಅಂತಲೇ ಅನ್ನುತ್ತೇವಲ್ಲ?

‘ಮುಖಪುಟದ ಅಂಕಿತ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಅಚ್ಚುಕೂಟದಲ್ಲಿ, ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿದವರು ಬೇರೆ ಮಾತು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಶನಿವಾರ ಪುಟಗಳು ಅಚ್ಚಿಗೆ ಹೋಗುತ್ತವೆ.